ಪೈನ್ ಹಲಗೆ ಒಂದೇ ಅಂಚಿಗೆ ಕುಗ್ಗಿ ಬಿಲ್ಲಾಗ್ತಿದೆ: ಕಿಲ್ನ್ ತಪ್ಪಾ, ಮರದ ತಪ್ಪಾ?

ಹಸಿದಿಮ್ಮಿ
ಪೈನ್ ಹಲಗೆ, 90 × 45 ಮಿ.ಮೀ., ಉದ್ದ 2.4 ಮೀಟರ್. ಎಲ್ಲ ಒಂದೇ ಕಿಲ್ನ್ (ಮರ ಒಣಗಿಸೋ ಬಿಸಿಕೋಣೆ), ಒಂದೇ ಅಟ್ಟಿ, ತೇವ 12%ಗೆ ಇಳಿದಿದೆ. ಹೆಚ್ಚಿನವು ನೆಟ್ಟಗಿವೆ. ಕೆಲವು ಮಾತ್ರ ಅಗಲ ಮುಖ ಕೆಳಗೆ ಮಾಡಿ ಮಲಗಿಸಿದರೆ ಸರಿಯಾಗಿ ಕೂರುತ್ತವೆ, ಆದರೆ ಅಂಚಿಗೆ ದಾರ ಎಳೆದರೆ ನಡುವೆ 22 ಮಿ.ಮೀ. ಡೊಂಕು. ಒಳಬಾಗಿದ ಅಂಚಿನ ಕಡೆ ಸುಮಾರು 30 ಮಿ.ಮೀ. ಅಗಲಕ್ಕೆ ಮರ ಮಬ್ಬು ಕೆಂಪು, ಉಗುರು ಒತ್ತಿದರೂ ಇಳಿಯಲ್ಲ.

ಮರ ಅಗಲಕ್ಕೆ ಕುಗ್ಗುತ್ತೆ, ಉದ್ದಕ್ಕೆ ಕುಗ್ಗೋದೇ ಇಲ್ಲ ಅಂತ ಎಲ್ಲರೂ ಹೇಳೋದು. ಹಾಗಿದ್ರೆ ಒಂದು ಅಂಚು ಮಾತ್ರ ಗಿಡ್ಡ ಆಗಿದ್ದು ಹೇಗೆ? ಕಿಲ್ನ್ ಶೆಡ್ಯೂಲ್ ಬದಲಾಯಿಸಬೇಕಾ?

ಉಗಿಕೋಣೆ
ಶುರುವಿನಲ್ಲೇ ಬಿಸಿ ಜಾಸ್ತಿ ಕೊಟ್ಟಿರ್ತೀರಿ. ನಿಧಾನ ಮಾಡಿ, ಅಟ್ಟಿಯ ಮೇಲೆ ಭಾರ ಹೇರಿ, ಸರಿಹೋಗುತ್ತೆ.

ಬಳೆಲೆಕ್ಕ
ಸರಿಹೋಗಲ್ಲ ಸರ್. ಪ್ರಶ್ನೆಯಲ್ಲೇ ಉತ್ತರ ಇದೆ: ಮಬ್ಬು ಕೆಂಪು, ಗಟ್ಟಿ, ಒಳಬಾಗಿದ ಅಂಚು. ಇದು ಕಂಪ್ರೆಷನ್ ವುಡ್. ಶೆಡ್ಯೂಲ್ ತಪ್ಪಿದ್ರೆ ಇಡೀ ಅಟ್ಟಿ ಹಾಳಾಗಬೇಕಿತ್ತು, ಅಲ್ಲೊಂದು ಇಲ್ಲೊಂದು ಹಲಗೆ ಅಲ್ಲ.

ಪೈನ್ ಮರ ವಾಲಿದಾಗ ತನ್ನನ್ನು ಎತ್ತಿ ನಿಲ್ಲಿಸಿಕೊಳ್ಳೋಕೆ ವಾಲಿದ ಕಡೆಯ ಕೆಳಭಾಗದಲ್ಲಿ ಬೇರೆ ಥರದ ಮರ ಬೆಳೆಸುತ್ತೆ. ಆ ಕಡೆ ಬಳೆಗಳು ಅಗಲ, ಎದುರು ಕಡೆ ಕಿರಿದು. ಹಾಗಾಗಿ ದಿಮ್ಮಿಯ ತುದಿ ನೋಡಿದ್ರೆ ತಿರುಳು ನಡುವಿರಲ್ಲ, ಒಂದು ಪಕ್ಕಕ್ಕೆ ಸರಿದಿರುತ್ತೆ. ಅಗಲ ಬಳೆಗಳ ಕಡೆ ಅರ್ಧಚಂದ್ರಾಕಾರದ ಕಂದುಗೆಂಪು ಪಟ್ಟಿ ಕಂಡರೆ ಅದೇ.

ಹಸಿ ಮರದಿಂದ ಪೂರ್ತಿ ಒಣಗೋವರೆಗೆ ಸಾಮಾನ್ಯ ಪೈನ್ ಉದ್ದಕ್ಕೆ ಕುಗ್ಗೋದು 0.1ರಿಂದ 0.2%. ಕಂಪ್ರೆಷನ್ ವುಡ್ 1% ದಾಟೋದು ಅಪರೂಪವಲ್ಲ, ಬಲವಾಗಿದ್ದರೆ 2%ವರೆಗೂ ಹೋಗುತ್ತೆ. "ಉದ್ದಕ್ಕೆ ಕುಗ್ಗಲ್ಲ" ಅನ್ನೋ ಮಾತು ನೆಟ್ಟಗೆ ಬೆಳೆದ ಮರಕ್ಕೆ ಮಾತ್ರ.

ಸಂದೇಹಿ
ಕೆಂಪಗಿರೋದೆಲ್ಲ ಕಂಪ್ರೆಷನ್ ವುಡ್ ಆಗಲ್ಲ. ಪೈನಿನ ಚೇಗು, ಅಂದ್ರೆ ದಿಮ್ಮಿಯ ಒಳಗಿನ ಹಳೇ ಮರ, ಅದೂ ಕೆಂಪೇ.

ಬಳೆಲೆಕ್ಕ
ಒಪ್ಪಿದೆ, ಹಲವರು ಎಡವೋದು ಇಲ್ಲೇ. ಚೇಗು ತಿರುಳಿನ ಸುತ್ತ ದುಂಡಗೆ ಇರುತ್ತೆ, ಅಂಟು ವಾಸನೆ ಬರುತ್ತೆ, ಪ್ರತಿ ಬಳೆಯಲ್ಲಿ ವರ್ಷದ ಮೊದಲು ಬೆಳೆದ ಭಾಗ ಬೆಳ್ಳಗೆ, ಕೊನೆಗೆ ಬೆಳೆದ ಭಾಗ ಕಪ್ಪಗೆ, ನಡುವೆ ಗೆರೆ ಚೊಕ್ಕವಾಗಿ ಕಾಣುತ್ತೆ. ಕಂಪ್ರೆಷನ್ ವುಡ್‌ನಲ್ಲಿ ಆ ಗೆರೆ ಕಲಸಿಹೋಗಿರುತ್ತೆ, ಬಳೆಯ ಮುಕ್ಕಾಲು ಪಾಲು ಆ ಕೊನೆಯ ಕಪ್ಪು ಭಾಗದಂತೆಯೇ ತೋರುತ್ತೆ. ರಂದ ಹೊಡೆದ ಮೇಲೂ ಹೊಳಪು ಬರಲ್ಲ, ಸತ್ತ ಬಣ್ಣ.

ಇನ್ನೂ ಅನುಮಾನ ಇದ್ರೆ ಹಸಿ ದಿಮ್ಮಿಯ ತುದಿಯಿಂದ 3ರಿಂದ 5 ಮಿ.ಮೀ. ದಪ್ಪದ ಬಿಲ್ಲೆ ಕೊಯ್ದು ಜೋರಾದ ದೀಪದ ಮುಂದೆ ಹಿಡೀರಿ. ಒಳ್ಳೆ ಮರ ಬೆಳಕು ಬಿಡುತ್ತೆ, ಕಂಪ್ರೆಷನ್ ವುಡ್ ಕಪ್ಪಗೆ ಅಡ್ಡ ನಿಲ್ಲುತ್ತೆ. ಒಣಬಿಲ್ಲೆಯಲ್ಲಿ ಈ ವ್ಯತ್ಯಾಸ ಅಷ್ಟು ಚೆನ್ನಾಗಿ ಕಾಣಲ್ಲ, ನೀರಿನಲ್ಲಿ ನೆನೆಸಿ ನೋಡಬೇಕು.

ರಂದಹೊಟ್ಟು
ಒಂದು ಅರ್ಥ ಆಗ್ತಿಲ್ಲ. ಸಾಂದ್ರತೆ ಜಾಸ್ತಿ ಇದ್ದ ಮರ ಜಾಸ್ತಿ ಕುಗ್ಗುತ್ತೆ ಅನ್ನೋದು ಲೆಕ್ಕ. ಹಾಗಾದ್ರೆ ಇದು ಅಗಲಕ್ಕೂ ಜಾಸ್ತಿ ಕುಗ್ಗಬೇಕಲ್ಲ?

ನಾರುಕೋನ
ಇಲ್ಲ, ಅಗಲಕ್ಕೆ *ಕಡಿಮೆ* ಕುಗ್ಗುತ್ತೆ. ಗಟ್ಟಿಮರದ ಲೆಕ್ಕ ಇಲ್ಲಿ ಕೈಕೊಡುತ್ತೆ. ಯಾಕೆ ಅಂತ ತಿಳಿಯೋಕೆ ಜೀವಕೋಶದ ಗೋಡೆಯೊಳಗೆ ಹೋಗಬೇಕು.

ಪೈನ್ ಮರ ಅಂದ್ರೆ ಉದ್ದುದ್ದ ಕೊಳವೆಗಳ ಕಟ್ಟು. ಪ್ರತಿ ಕೊಳವೆಯ ಗೋಡೆಯಲ್ಲಿ ಎಲ್ಲಕ್ಕಿಂತ ದಪ್ಪನೆಯ ಪದರಕ್ಕೆ ಎಸ್2 ಅಂತ ಹೆಸರು. ಅದರಲ್ಲಿ ಸೆಲ್ಯುಲೋಸಿನ ಸಣ್ಣ ನಾರುಗಳು ಸುರುಳಿ ಸುತ್ತಿಕೊಂಡಿರ್ತವೆ. ಕೋಲಿಗೆ ದಾರ ಸುತ್ತಿದ್ದನ್ನು ನೆನೆಸಿಕೊಳ್ಳಿ. ದಾರವನ್ನು ಕೋಲಿನುದ್ದಕ್ಕೂ ಹೆಚ್ಚುಕಡಿಮೆ ನೇರವಾಗಿ, ಒಂದೆರಡೇ ಸುತ್ತು ಹಾಕಿ ಬಿಟ್ಟರೆ ಅದು ಬಲಿತ, ಒಳ್ಳೆ ಮರ. ಕೊಳವೆಯ ಉದ್ದಕ್ಕೆ ಹೋಲಿಸಿದರೆ ನಾರಿನ ಕೋನ 10ರಿಂದ 20 ಡಿಗ್ರಿ. ದಾರವನ್ನು ಓರೆಯಾಗಿ ಒತ್ತೊತ್ತಾಗಿ ಸುತ್ತಿದರೆ ಅದು ಕಂಪ್ರೆಷನ್ ವುಡ್; ಕೋನ 30ರಿಂದ 50 ಡಿಗ್ರಿ.

ತೇವ ಹೋಗುವಾಗ ನಾರು ತನ್ನ ಉದ್ದಕ್ಕೆ ಕುಗ್ಗಲ್ಲ. ನಾರು ನಾರಿನ ನಡುವೆ ತುಂಬಿದ ಲಿಗ್ನಿನ್, ಹೆಮಿಸೆಲ್ಯುಲೋಸ್ ನೀರು ಕಳೆದುಕೊಂಡು ನಾರುಗಳನ್ನು ಒಂದಕ್ಕೊಂದು ಹತ್ತಿರ ಎಳೆಯುತ್ತೆ, ಅಂದ್ರೆ ನಾರಿಗೆ *ಅಡ್ಡಲಾಗಿ* ಕುಗ್ಗುತ್ತೆ. ನಾರು ನೆಟ್ಟಗಿದ್ರೆ ಆ ಕುಗ್ಗುವಿಕೆ ಎಲ್ಲ ಹಲಗೆಯ ಅಗಲ, ದಪ್ಪಕ್ಕೆ ಹೋಗುತ್ತೆ. ನಾರು ಓರೆಯಾದ್ರೆ ಅದರ ಒಂದು ಪಾಲು ಉದ್ದಕ್ಕೆ ತಿರುಗುತ್ತೆ. ಉದ್ದಕ್ಕೆ ಸಿಕ್ಕ ಪಾಲು ಅಗಲದಿಂದ ಕಿತ್ತುಕೊಂಡದ್ದು, ಅದಕ್ಕೇ ಅಗಲದ ಕುಗ್ಗುವಿಕೆ ಇಳಿಯೋದು. ಕೋನ 25–30 ಡಿಗ್ರಿವರೆಗೆ ಉದ್ದದ ಕುಗ್ಗುವಿಕೆ ಲೆಕ್ಕಕ್ಕೆ ಬರೋದೇ ಇಲ್ಲ. ಅದು ದಾಟಿದ ಮೇಲೆ ಒಂದೇ ಸಮನೆ ಏರುತ್ತೆ.

ಲಿಗ್ನಿನ್ ಕೂಡ ಜಾಸ್ತಿ. ಸಾಮಾನ್ಯ ಪೈನಿನಲ್ಲಿ 27–30% ಇರೋದು ಇಲ್ಲಿ 35–40% ಆಗುತ್ತೆ, ಸೆಲ್ಯುಲೋಸ್ ಅಷ್ಟು ಕಡಿಮೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೊಳವೆಗಳು ಚೌಕಾಕಾರ ಬಿಟ್ಟು ದುಂಡಗೆ, ನಾಲ್ಕು ಕೊಳವೆ ಸೇರುವ ಮೂಲೆಯಲ್ಲಿ ಖಾಲಿ ಸಂದು. ಒಳಗಿನ ಎಸ್3 ಪದರ ಇರೋದೇ ಇಲ್ಲ, ಎಸ್2ನಲ್ಲಿ ಸುರುಳಿ ಸೀಳುಗಳು. ಗುರುತು ಹಿಡಿಯೋಕೆ ಇದಕ್ಕಿಂತ ಖಚಿತವಾದ ಸಾಕ್ಷಿ ಬೇಡ.

ರಂದಹೊಟ್ಟು
ದಾರದ ಹೋಲಿಕೆ ತಲೆಗೆ ಹೋಯ್ತು ಮೇಡಂ. ಹತ್ತು ಕಡೆ ಓದಿದ್ರೂ ಹತ್ತದ್ದು ಇದು.

ಕಾಡುಕೊಯ್ಲು
"ವಾಲಿದ ಮರ" ಅಂದ್ರೆ ಕಣ್ಣಿಗೆ ಕಾಣೋ ಹಾಗೆ ಬಾಗಿದ ಮರ ಮಾತ್ರ ಅಂದ್ಕೋಬೇಡಿ. ಒಂದೆರಡು ಡಿಗ್ರಿ ವಾಲಿದರೂ ಮರ ಉತ್ತರ ಕೊಡುತ್ತೆ. ಇಳಿಜಾರು, ಒಂದೇ ದಿಕ್ಕಿನ ಗಾಳಿ, ಹಿಮದ ಭಾರ, ಬೇರು ಸಡಿಲಾದ ಸಸಿ, ಇದ್ದಕ್ಕಿದ್ದಂತೆ ಸುತ್ತಲಿನ ಮರ ಕಡಿದು ಬಯಲು ಮಾಡಿದ್ದು, ಎಲ್ಲವೂ ಕಾರಣವೇ. ಬೇಗ ಬೆಳೆಯೋ ಎಳೆ ಮರ ತನ್ನನ್ನು ನೆಟ್ಟಗೆ ಮಾಡಿಕೊಳ್ಳುವಾಗ ಎದುರು ಕಡೆಗೆ ಮಿತಿಮೀರಿ ವಾಲುತ್ತೆ, ಆಮೇಲೆ ಆ ಪಕ್ಕದಲ್ಲೂ ಕಂಪ್ರೆಷನ್ ವುಡ್ ಹಾಕುತ್ತೆ. ಕಡಿದಾಗ ಬೊಡ್ಡೆ ಕಂಬದಂತೆ ನೆಟ್ಟಗಿರುತ್ತೆ, ಒಳಗೆ ಒಂದು ಕಡೆ 5ನೇ ಬಳೆಯಿಂದ, ಇನ್ನೊಂದು ಕಡೆ 12ನೇ ಬಳೆಯಿಂದ ಪಟ್ಟಿ. ಹೊರಗಿಂದ ಗೊತ್ತಾಗೋ ಮಾತೇ ಇಲ್ಲ.

ಬುಡ ಬಾಗಿ ಮೇಲೆ ನೆಟ್ಟಗಾದ ಮರ ಇದ್ರೆ ಮೊದಲ ದಿಮ್ಮಿಯನ್ನು ಅನುಮಾನಿಸಿ. ಕೊಂಬೆಯ ಅಡಿಭಾಗದಲ್ಲಂತೂ ಯಾವಾಗಲೂ ಇರುತ್ತೆ, ಅದಕ್ಕೇ ದೊಡ್ಡ ಗಂಟಿನ ಪಕ್ಕದ ಮರವೂ ಡೊಂಕಿಗೆ ಸೇರಿಸಿಕೊಡುತ್ತೆ.

ಗರಗಸದಹಲ್ಲು
ಗರಗಸದ ಹತ್ತಿರ ನಿಂತವರಿಗೆ ಒಂದು ಸುಳಿವು. ಕಂಪ್ರೆಷನ್ ವುಡ್ ನಿಂತ ಮರದಲ್ಲಿ ಒತ್ತಡದಲ್ಲಿ ಇರುತ್ತೆ, ಮರವನ್ನು ತಳ್ಳಿ ನಿಲ್ಲಿಸೋ ಕೆಲಸ ಅದರದ್ದು. ಸೀಳಿದ ಕೂಡಲೇ ಬಿಡುಗಡೆ ಸಿಕ್ಕು ಉದ್ದವಾಗುತ್ತೆ. ಹಾಗಾಗಿ ಗರಗಸದಿಂದ ಹೊರಬಂದ ಹಸಿ ಹಲಗೆಯಲ್ಲಿ ಕೆಂಪು ಅಂಚು *ಹೊರಕ್ಕೆ* ಉಬ್ಬಿರುತ್ತೆ. ಒಣಗಿದ ಮೇಲೆ ಅದೇ ಅಂಚು ಕುಗ್ಗಿ ಒಳಕ್ಕೆ ಹೋಗುತ್ತೆ. ಬೆಳಗ್ಗೆ ಎಡಕ್ಕೆ ಬಾಗಿದ್ದ ಹಲಗೆ ಕಿಲ್ನ್‌ನಿಂದ ಬಲಕ್ಕೆ ಬಾಗಿ ಬಂದ್ರೆ ಬೇರೆ ಪರೀಕ್ಷೆ ಬೇಡ.

ಹಸಿ ಇರುವಾಗಲೇ ಅಂಚು ಕೊಯ್ದು ನೆಟ್ಟಗೆ ಮಾಡೋದು ಶುದ್ಧ ದಂಡ. ಒಣಗಿದ ಮೇಲೆ ಮತ್ತೆ ಡೊಂಕು.

ಸಂದೇಹಿ
ಎಲ್ಲಾದ್ರಲ್ಲೂ ಕಂಪ್ರೆಷನ್ ವುಡ್ ಅಂತಿದ್ದೀರಿ. ತಿರುಳಿನ ಪಕ್ಕದ ಎಳೆಮರವೂ ಉದ್ದಕ್ಕೆ ಕುಗ್ಗುತ್ತಲ್ಲ?

ನಾರುಕೋನ
ಕುಗ್ಗುತ್ತೆ, ಅಲ್ಲೂ ನಾರಿನ ಕೋನ ದೊಡ್ಡದೇ. ತಿರುಳಿನಿಂದ ಮೊದಲ 5ರಿಂದ 20 ಬಳೆವರೆಗೆ ಎಳೆತನ ಇರುತ್ತೆ, ಹೊರಗೆ ಹೋದಂತೆ ಕೋನ ಇಳಿಯುತ್ತೆ. ಗುರುತು ಹಿಡಿಯೋದು ಸುಲಭ: ಎಳೆಮರ ಹಗುರ, ಮೆತ್ತಗೆ, ಕಂಪ್ರೆಷನ್ ವುಡ್ ತೂಕ, ಗಟ್ಟಿ. ಎರಡೂ ಒಂದೇ ಕಡೆ ಸೇರೋದೂ ಇದೆ, ತಿರುಳಿನ ಹತ್ತಿರದ ಬಳೆಗಳಲ್ಲಿ ಕಂಪ್ರೆಷನ್ ವುಡ್ ಇದ್ರೆ ಅದರಷ್ಟು ಹಟಮಾರಿ ಹಲಗೆ ಇನ್ನೊಂದಿಲ್ಲ.

ಹಾಗೇ ಇನ್ನೊಂದು: *ತಿರುಚಿಕೊಳ್ಳೋದಕ್ಕೆ* ಕಂಪ್ರೆಷನ್ ವುಡ್ಡನ್ನು ಬೈಬೇಡಿ. ನಾಲ್ಕು ಮೂಲೆಯಲ್ಲಿ ಒಂದು ಎದ್ದು ನಿಂತ್ರೆ ಅದು ಮರದ ನಾರೆಳೆ ಕಾಂಡದ ಸುತ್ತ ಸುರುಳಿಯಾಗಿ ಬೆಳೆದದ್ದರಿಂದ, ತಿರುಳಿನ ಪಕ್ಕದ ಹಲಗೆಯಲ್ಲಿ ಹೆಚ್ಚು. ಅಂಚಿನ ಡೊಂಕು, ಅಗಲ ಮುಖದ ಬಾಗು, ಇವೆರಡು ಉದ್ದದ ಕುಗ್ಗುವಿಕೆಯ ಮಕ್ಕಳು.

ಹಸಿದಿಮ್ಮಿ
22 ಮಿ.ಮೀ. ಬರೀ ಇದರಿಂದ ಬರುತ್ತಾ? ಲೆಕ್ಕ ಹಾಕೋಕೆ ಆಗುತ್ತಾ?

ಬಳೆಲೆಕ್ಕ
ಧಾರಾಳವಾಗಿ. ಮರ ಕುಗ್ಗೋಕೆ ಶುರುಮಾಡೋದು ಕೋಶದ ಗೋಡೆ ಮಾತ್ರ ತುಂಬಿರುವ ಹಂತದಿಂದ, ಸುಮಾರು 30% ತೇವ. 12%ಗೆ ಬಂದ್ರೆ 30ರಲ್ಲಿ 18 ಪಾಲು, ಅಂದ್ರೆ ಒಟ್ಟು ಕುಗ್ಗುವಿಕೆಯ 60% ಮುಗಿದಿರುತ್ತೆ.

ಕೆಂಪು ಕಡೆ ಒಟ್ಟು 1%, ಎದುರು ಕಡೆ 0.2% ಅಂದ್ಕೊಳ್ಳಿ. 12% ತೇವದಲ್ಲಿ ವ್ಯತ್ಯಾಸ 0.8ರ 60%, ಅಂದ್ರೆ 0.48%. ಒಂದು ಅಂಚಿನಿಂದ ಇನ್ನೊಂದಕ್ಕೆ ಸಮನಾಗಿ ಇಳಿಯುತ್ತೆ ಅಂದ್ರೆ ಬಾಗಿನ ತ್ರಿಜ್ಯ 90 ÷ 0.0048 = 18,750 ಮಿ.ಮೀ. ನಡುವಿನ ಡೊಂಕು = ಉದ್ದದ ವರ್ಗ ÷ (8 × ತ್ರಿಜ್ಯ) = 57,60,000 ÷ 1,50,000 = 38 ಮಿ.ಮೀ. ನಿಮ್ಮ 22 ಅದರೊಳಗೇ ಇದೆ.

ಸಂದೇಹಿ
ಸಮನಾಗಿ ಇಳಿಯಲ್ಲ, ಅವರು 30 ಮಿ.ಮೀ. ಪಟ್ಟಿ ಅಂದಿದ್ದಾರೆ. ಮೂರನೇ ಒಂದು ಪಾಲು ಮಾತ್ರ ಅಂದ್ರೆ ಡೊಂಕೂ ಮೂರನೇ ಒಂದಾಗಬೇಕು.

ನಾರುಕೋನ
ಹಾಗೆ ಅನ್ನಿಸುತ್ತೆ, ಆದರೆ ಉಲ್ಟಾ. ಪಟ್ಟಿಯ ಪಾಲು *ಅ* ಅಂದ್ರೆ, ಎರಡೂ ಕಡೆ ಬಿಗಿತ ಒಂದೇ ಅಂದ್ಕೊಂಡರೆ, ಮೇಲಿನ ಉತ್ತರವನ್ನು 6 × ಅ × (1 − ಅ) ಇಂದ ಗುಣಿಸಬೇಕು. ಮೂರನೇ ಒಂದಕ್ಕೆ 1.33 ಪಟ್ಟು, ಅರ್ಧಕ್ಕೆ 1.5 ಪಟ್ಟು, ಆರನೇ ಒಂದಕ್ಕೆ 0.83. ಪಟ್ಟಿ ಕಿರಿದಾದರೂ ಅಂಚಿನಲ್ಲಿದ್ದರೆ ಅದರ ಸನ್ನೆ ಜೋರು.

ಅದೇ ಸೂತ್ರದಲ್ಲಿ ಅ = 1 ಹಾಕಿ ನೋಡಿ. ಸೊನ್ನೆ! ಇಡೀ ಹಲಗೆ ಕಂಪ್ರೆಷನ್ ವುಡ್ ಆದ್ರೆ ಅದು ಡೊಂಕಾಗಲ್ಲ, ನೆಟ್ಟಗೇ ಇದ್ದು ಸದ್ದಿಲ್ಲದೆ ಗಿಡ್ಡ ಆಗುತ್ತೆ. ಪಟ್ಟಿ ಸರಿಯಾಗಿ ಅಗಲದ ನಡುವೆ ಬಂದ್ರೂ ಅಷ್ಟೇ, ಎರಡೂ ಕಡೆಯ ಒಳ್ಳೆ ಮರ ಹಿಡಿದಿಡುತ್ತೆ. ಆಗ ಪಟ್ಟಿ ಕುಗ್ಗಲಾರದೆ ಎಳೆತಕ್ಕೆ ಸಿಕ್ಕಿ *ಎಳೆಗೆ ಅಡ್ಡಲಾಗಿ* ಬಿರುಕು ಬಿಡುತ್ತೆ. ಪೈನಿನಲ್ಲಿ ಅಡ್ಡ ಬಿರುಕು ಬೇರೆ ಕಾರಣಕ್ಕೆ ಬರೋದು ಕಡಿಮೆ. ರಂದ ಹೊಡೆಯುವಾಗ ಬಳೆಯ ಉದ್ದಕ್ಕೂ ಕೂದಲೆಳೆಯ ಅಡ್ಡ ಗೆರೆಗಳು ಸಾಲಾಗಿ ಕಂಡ್ರೆ ಆ ಹಲಗೆಯನ್ನು ಭಾರ ಹೊರೋ ಜಾಗದಿಂದ ತೆಗೀರಿ.

ಉಗಿಕೋಣೆ
ಸರಿ, ಮೊದಲ ಮಾತು ಹಿಂದಕ್ಕೆ ತಗೊಂಡೆ. ಆದ್ರೂ ಭಾರ ಹೇರೋದು ದಂಡ ಅನ್ನಬೇಡಿ. ಅಗಲ ಮುಖದ ಬಾಗು, ತಿರುಚು, ಬಟ್ಟಲಾಗೋದು, ಇವನ್ನು ಭಾರ ಹಿಡಿಯುತ್ತೆ. ಹಲಗೆ ಸಾಲುಗಳ ನಡುವೆ ಇಡೋ ಅಡ್ಡಪಟ್ಟಿಗಳಿಗೆ 600 ಮಿ.ಮೀ. ಅಂತರದ ಬದಲು 400 ಇಟ್ಟು, ಮೇಲಿಂದ ಕೆಳಗೆ ಒಂದೇ ಲಂಬದಲ್ಲಿ ಜೋಡಿಸಿ, ತುದಿಗೂ ಪಟ್ಟಿ ಕೊಟ್ರೆ ಫರಕು ಕಾಣುತ್ತೆ.

ಗರಗಸದಹಲ್ಲು
ಅಂಚಿನ ಡೊಂಕಿಗೆ? ಹಲಗೆ ಅಗಲ ಮುಖದ ಮೇಲೆ ಮಲಗಿದೆ, ಭಾರ ಮೇಲಿಂದ ಕೆಳಕ್ಕೆ, ಡೊಂಕು ಪಕ್ಕಕ್ಕೆ. ಹಿಡಿಯೋದು ಬರೀ ಘರ್ಷಣೆ.

ಉಗಿಕೋಣೆ
ಅಂಚಿಗೆ ಕೆಲಸ ಮಾಡಲ್ಲ, ಅದನ್ನೂ ಒಪ್ಪಿದೆ ಮಾರಾಯ್ರೇ.

ಕೊನೆಯಲ್ಲಿ ಉಗಿ ಕೊಟ್ಟು ಹದ ಮಾಡಿದ್ರೆ ಸರಿಹೋಗುತ್ತೆ ಅನ್ನೋರಿಗೂ ಒಂದು ಮಾತು. ಆ ಉಗಿ ತೆಗೆಯೋದು ಹೊರಪದರ ಬೇಗ ಒಣಗಿ ಒಳಗೆ ನಿಂತ ಬಿಗುವನ್ನು. ಇಲ್ಲಿ ಬಿಗುವು ಒಣಗಿಸೋದರಿಂದ ಬಂದದ್ದಲ್ಲ, ಮರದ ಹುಟ್ಟುಗುಣ. ತೇವ ಏರಿಸಿದ್ರೆ ಡೊಂಕು ಕಡಿಮೆಯಾಗುತ್ತೆ, ನಿಜ. ಮತ್ತೆ 12%ಗೆ ಬಂದಾಗ ಹಾಜರು.

ಇನ್ನೊಂದು, ಒತ್ತಿ ಹಿಡಿಯೋ ಮುಳ್ಳಿಲ್ಲದ ತೇವಮಾಪಕ ಸಾಂದ್ರತೆಯನ್ನೂ ಓದುತ್ತೆ. ಕೆಂಪು ಪಟ್ಟಿಯ ಮೇಲೆ ಇಟ್ರೆ ತೇವ ಹೆಚ್ಚು ತೋರಿಸುತ್ತೆ. "ಆ ಕಡೆ ಒಣಗಿಲ್ಲ" ಅಂತ ಇನ್ನೊಂದು ದಿನ ಕಿಲ್ನ್ ಓಡಿಸಿದ್ರೆ ಡೊಂಕು ಇನ್ನೂ ಹೆಚ್ಚಾಗೋದಷ್ಟೇ ಲಾಭ. ಚೂರು ಕೊಯ್ದು ತೂಗಿ ಒಲೆಯಲ್ಲಿ ಒಣಗಿಸೋದೇ ನಂಬಿಕೆಯ ದಾರಿ.

ಪದಗಳ್ಳ
ಸ್ವಲ್ಪ ದಾರಿ ತಪ್ತೀನಿ. ಇದಕ್ಕೆ ಕನ್ನಡದಲ್ಲಿ ಒಂದು ಹೆಸರು ಬೇಡವಾ? "ಒತ್ತುಮರ" ಹೇಗೆ? ಜರ್ಮನರು ಕೆಂಪುಮರ ಅಂತಲೇ ಕರೀತಾರೆ, ರೋಟ್‌ಹೋಲ್ಟ್ಸ್. ಫಿನ್ನಿಶ್‌ನಲ್ಲಿ ಇದಕ್ಕೆ ಲ್ಯುಲ್ಯು ಅಂತ ಸ್ವಂತ ಪದವೇ ಇದೆ. ಹಳೇ ಕಾಲದ ಹಿಮಜಾರು ಹಲಗೆ ಜೋಡಿಯಲ್ಲಿ ಜಾರೋ ಉದ್ದನೆಯದಕ್ಕೂ ಅದೇ ಹೆಸರು, ಯಾಕಂದ್ರೆ ಅದನ್ನು ಮಾಡ್ತಿದ್ದದ್ದು ಈ ಗಟ್ಟಿ ಮರದಲ್ಲಿ. ಉತ್ತರದ ಸಾಮಿ ಜನ ಬಿಲ್ಲಿನ ಹೊಟ್ಟೆಯ ಕಡೆಗೆ ಇದೇ ಪೈನ್ ಪಟ್ಟಿ, ಬೆನ್ನಿಗೆ ಬರ್ಚ್ ಅಂಟಿಸ್ತಿದ್ರು. ಬಿಲ್ಲಿನ ಹೊಟ್ಟೆ ಒತ್ತಡ ತಡೀಬೇಕು ನೋಡಿ.

ರಂದಹೊಟ್ಟು
ನಮ್ಮ ಹಲಗೆ ತಾನೇ ಬಿಲ್ಲಾಗೋದಕ್ಕೂ ಪರಂಪರೆ ಇದೆ ಅನ್ನಿ 😄

ಸಂದೇಹಿ
ಅಷ್ಟು ಗಟ್ಟಿ ಅಂದ್ಮೇಲೆ ತೊಲೆ, ಏಣಿಗೆ ಚೆನ್ನಾಗಿರಬೇಕು?

ನಾರುಕೋನ
ಬೇಡವೇ ಬೇಡ. ಒತ್ತಡ ತಡೆಯೋದು ಪರವಾಗಿಲ್ಲ, ಎಳೆತದಲ್ಲಿ ತೂಕಕ್ಕೆ ತಕ್ಕ ಬಲ ಇಲ್ಲ, ಬಿಗಿತವೂ ಕಡಿಮೆ. ಒಣಗಿದ ಮೇಲೆ ಮುರಿದ್ರೆ ಸಿಬಿರು ಎದ್ದು ಸದ್ದು ಮಾಡಿ ಎಚ್ಚರಿಸಲ್ಲ, ಕ್ಯಾರೆಟ್ ಮುರಿದ ಹಾಗೆ ಚಟ್ ಅಂತ ಅಡ್ಡಲಾಗಿ ಹೋಗುತ್ತೆ. ಏಣಿ, ಸಾರ್ವೆ ಹಲಗೆಗೆ ಕಂಡ ಕೂಡಲೇ ಬದಿಗಿಡಬೇಕು. ಒತ್ತುಮರ ಅನ್ನೋ ಪದ ನನಗೆ ಹಿಡಿಸ್ತು.

ಕಾಡುಕೊಯ್ಲು
ಎಲೆ ಅಗಲದ ಮರಗಳಲ್ಲಿ ಕಥೆ ತಿರುಗುಮುರುಗು, ವಾಲಿದ *ಮೇಲ್ಭಾಗದಲ್ಲಿ* ಎಳೆಯೋ ಮರ ಬೆಳೆಯುತ್ತೆ. ಅದೂ ಉದ್ದಕ್ಕೆ ಕುಗ್ಗುತ್ತೆ, ಕೊಯ್ದರೆ ಮೈಯೆಲ್ಲ ಉಣ್ಣೆಯಂತೆ ನಾರು ಏಳುತ್ತೆ. ಅದನ್ನು ಇಲ್ಲಿ ಬೆರೆಸಬೇಡಿ, ಬೇರೆ ಎಳೆ ತೆರೆಯಿರಿ.

ಗರಗಸದಹಲ್ಲು
ಸೀಳುವಾಗ ಮಾಡಬಹುದಾದ್ದು ಹೇಳ್ತೀನಿ. ದಿಮ್ಮಿಯ ತುದಿಯಲ್ಲಿ ಅರ್ಧಚಂದ್ರ ಎಲ್ಲಿದೆ ಅಂತ ಬಳಪದಿಂದ ಗುರುತು ಹಾಕಿ. ತಿರುಳಿಗೂ ಆ ಚಂದ್ರಕ್ಕೂ ಒಂದು ಗೆರೆ ಎಳೆದುಕೊಳ್ಳಿ. ಹಲಗೆಯ ಅಗಲ ಆ ಗೆರೆಯ *ಉದ್ದಕ್ಕೂ* ಬಂದ್ರೆ ಒಂದು ಅಂಚು ಕೆಂಪು, ಇನ್ನೊಂದು ಬಿಳಿ, ಡೊಂಕು ಖಚಿತ. ಗೆರೆಗೆ *ಅಡ್ಡಲಾಗಿ* ಸೀಳಿದ್ರೆ ಒಂದೋ ಹಲಗೆ ಪೂರ್ತಿ ಕೆಂಪು, ಇಲ್ಲಾ ಪೂರ್ತಿ ಬಿಳಿ. ನಡುವೆ ಒಂದೆರಡರಲ್ಲಿ ದಪ್ಪದ ದಿಕ್ಕಿಗೆ ಬೆರಕೆ ಆಗುತ್ತೆ, ಆ ಬಾಗನ್ನು ಉಗಿಕೋಣೆಯವರ ಭಾರ ನೋಡಿಕೊಳ್ಳುತ್ತೆ. ಕೆಂಪು ಹಲಗೆಗಳನ್ನು ಪ್ಯಾಕಿಂಗಿಗೆ ಬಿಡಿ.

ರಂದಹೊಟ್ಟು
ಪೂರ್ತಿ ಕೆಂಪು ಹಲಗೆ ನೆಟ್ಟಗಿದ್ರೂ ಚೌಕಟ್ಟಿಗೆ ಹಾಕಬೇಡಿ. ಒಟ್ಟು ಕುಗ್ಗುವಿಕೆ 1% ಇರೋ 2.4 ಮೀಟರ್ ಪಟ್ಟಿ, ತೇವ 14ರಿಂದ 8%ಗೆ ಇಳಿದ್ರೆ ಐದನೇ ಒಂದು ಪಾಲು, ಹತ್ತಿರ ಹತ್ತಿರ 5 ಮಿ.ಮೀ. ಉದ್ದ ಕಳೆದುಕೊಳ್ಳುತ್ತೆ. ಪಕ್ಕದ ಒಳ್ಳೆ ಪಟ್ಟಿ ಅರ್ಧದಿಂದ ಒಂದು ಮಿ.ಮೀ. ಅಷ್ಟೇ. ಮೂಲೆ ಕೂಡು ಬಾಯಿಬಿಡೋದು ಅಲ್ಲೇ.

ಬಳೆಲೆಕ್ಕ
@ಹಸಿದಿಮ್ಮಿ, ಡೊಂಕಾದ ಒಂದು ಹಲಗೆಯ ಎರಡೂ ಅಂಚಿನಿಂದ 20 × 20 × 300 ಮಿ.ಮೀ. ಕಡ್ಡಿ ತೆಗೀರಿ. ತುದಿ ಮೂಲೆಮಟ್ಟಕ್ಕೆ ಸರಿಯಾಗಿರಲಿ. ಒಣಹಲಗೆ ಆದ್ದರಿಂದ ಮೊದಲು ನೀರಿನಲ್ಲಿ ಮುಳುಗಿಸಿ, ದಿನಾ ತೂಗಿ, ಅಗಲ ದಪ್ಪ ಹೆಚ್ಚೋದು ನಿಲ್ಲೋವರೆಗೆ ಬಿಡಿ. ಆಗ ಉದ್ದ ಅಳೆಯಿರಿ, ತುದಿಯ ನಡುಭಾಗದಲ್ಲಿ. ಮೂಲೆ ಕುಕ್ಕಿರುತ್ತೆ, ಅಲ್ಲಿ ಬೇಡ. ಆಮೇಲೆ ಎರಡು ಮೂರು ದಿನ ಹಾಗೇ ಗಾಳಿಗೆ ಬಿಟ್ಟು, 103 ಡಿಗ್ರಿ ಒಲೆಯಲ್ಲಿ ತೂಕ ಇಳಿಯೋದು ನಿಲ್ಲೋವರೆಗೆ, ಸುಮಾರು 24 ಗಂಟೆ. ಬಿಸಿ ಆರಿದ ಕೂಡಲೇ ಮತ್ತೆ ಅಳೆಯಿರಿ, ತಡ ಮಾಡಿದ್ರೆ ಗಾಳಿಯ ತೇವ ಕುಡಿಯುತ್ತೆ.

ಹಸಿದಿಮ್ಮಿ
ಅಳತೆ ಬಂತು. ಕೆಂಪು ಅಂಚು: 300.0ರಿಂದ 298.3. ಬಿಳಿ ಅಂಚು: 300.0ರಿಂದ 299.5.

ನಾರುಕೋನ
0.57% ಮತ್ತು 0.17%. ವ್ಯತ್ಯಾಸ 0.4, ಅದರ 60% ಅಂದ್ರೆ 0.24%. ಮೂರನೇ ಒಂದು ಪಟ್ಟಿಗೆ 1.33ರಿಂದ ಗುಣಿಸಿದ್ರೆ ಡೊಂಕು ಸುಮಾರು 25–26 ಮಿ.ಮೀ. ಬರಬೇಕು. ನಿಮ್ಮದು 22. ಕೆಂಪು ಪಟ್ಟಿಯ ಬಿಗಿತ ಕಡಿಮೆ, ಅದಕ್ಕೆ ಪೂರ್ತಿ ಎಳೆಯೋಕೆ ಆಗಿಲ್ಲ. 0.57% ಅಂದ್ರೆ ಮಧ್ಯಮ ದರ್ಜೆಯದು, ಇನ್ನೂ ಕೆಟ್ಟದ್ದಿರುತ್ತೆ.

ಸಂದೇಹಿ
ಒಂದು ಜೊತೆ ಕಡ್ಡಿಯಿಂದ ಏನೂ ಸಾಬೀತಾಗಲ್ಲ. ನೆಟ್ಟಗಿರೋ ಹಲಗೆಯಿಂದಲೂ ಎರಡು ತೆಗೀರಿ.

ಬಳೆಲೆಕ್ಕ
ಈ ಸಲ ನೀವು ಹೇಳಿದ್ದು ಸರಿ.

ಹಸಿದಿಮ್ಮಿ
ತೆಗೀತೀನಿ. ಅಷ್ಟರೊಳಗೆ ಈ ಡೊಂಕು ಹಲಗೆಗಳನ್ನು ಏನು ಮಾಡೋದು?

ಗರಗಸದಹಲ್ಲು
ಗಿಡ್ಡ ಮಾಡಿ. ಉದ್ದ ಅರ್ಧ ಆದ್ರೆ ಡೊಂಕು ಕಾಲು ಪಾಲು. 1.2 ಮೀಟರಿಗೆ 5.5 ಮಿ.ಮೀ., 600ಕ್ಕೆ 1.4 ಮಿ.ಮೀ., ರಂದದಲ್ಲಿ ಹೋಗುತ್ತೆ. ಇಲ್ಲಾಂದ್ರೆ ಉದ್ದಕ್ಕೆ ಸೀಳಿ ಕೆಂಪು 30 ತೆಗೆದುಹಾಕಿ, ಉಳಿದ ಬಿಳಿ ಭಾಗ ಎಳೆತದಿಂದ ಬಿಟ್ಟುಕೊಂಡು ಹೆಚ್ಚುಕಡಿಮೆ ತಾನೇ ನೆಟ್ಟಗಾಗುತ್ತೆ. ಸೀಳುವಾಗ ಗರಗಸದ ಹಿಂದೆ ಬೆಣೆ ಇಡೋದು ಮರೀಬೇಡಿ, ಎರಡು ಭಾಗವೂ ಜಾಗ ಬದಲಿಸಿ ಅಲಗನ್ನು ಕಚ್ಚಿ ಹಿಡಿಯುತ್ತೆ.